ಸತ್ತ ಮಂಗ ತಂದ ಸುದ್ದಿ

ಕಲಘಟಗಿ ತಾಲೂಕಿನ ತಂಬೂರದ ಕಡೆಗೆ ಹೋದವರಿಗೆ ಧಾರವಾಡ ಜಿಲ್ಲೆಯ ಇನ್ನೊಂದು ಮುಖ ಕಾಣುತ್ತದೆ. ಹುಬ್ಬಳ್ಳಿ, ನವಲಗುಂದಗಳ ಎರೆನೆಲ ಹಿಂದೆ ಉಳಿದು, ಮುಂದೆ ಯಲ್ಲಾಪುರ, ಮುಂಡಗೋಡಗಳತ್ತ ಕಾಡು ದಟ್ಟವಾಗುತ್ತ ಸಾಗುತ್ತದೆ. ಇಂಥ ಕಾಡಂಚಿನ ಊರುಗಳಲ್ಲಿ ದನ ಮೇಯುವುದೂ ಕಾಡಿನಲ್ಲಿ, ಒಲೆಗೆ ಸೌದೆ ಬರುವುದೂ ಕಾಡಿನಿಂದ. ಈ ಅಡವಿಯ ಸಾಲೇ ದಕ್ಷಿಣಕ್ಕೆ ಮುಂದುವರಿದು ಶಿವಮೊಗ್ಗ ಜಿಲ್ಲೆಯನ್ನು ಮುಟ್ಟುತ್ತದೆ. ಅಲ್ಲಿನ ಸೊರಬ ತಾಲೂಕಿನ ಕ್ಯಾಸನೂರು ಎಂಬ ಕಾಡಿನ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸೇರಿಹೋಗಿದೆ.

1957ರಲ್ಲಿ ಆ ಭಾಗದ ಹಳ್ಳಿಗರು ವಿಚಿತ್ರವೊಂದನ್ನು ಕಂಡರು. ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದವು. ಕಾಡಿಗೆ ಹೋಗಿಬಂದ ಜನರೂ ಥಟ್ಟನೆ ಏರುವ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿಯುತ್ತಿದ್ದರು. ಕೆಲವರ ಮೂಗಿನಿಂದಲೂ ಒಸಡಿನಿಂದಲೂ ರಕ್ತ ಹರಿಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಅವರ ಈ ಅವಸರಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ರೋಗವೆಂದರೆ ಹಳದಿ ಜ್ವರ. ಏಷ್ಯಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲ. ಈಗ ಬಂದುಬಿಟ್ಟಿತೇ ಎಂಬುದೇ ಎಲ್ಲರ ಅಂಜಿಕೆ.

ಆದರೆ ಪರೀಕ್ಷೆಯಲ್ಲಿ ಹೊರಬಿದ್ದದ್ದು ಹೊಸದೇ ಒಂದು ವೈರಸ್. ಅದರ ಹತ್ತಿರದ ನಂಟಸ್ತಿಕೆ ರಷ್ಯದ ಅರಣ್ಯಗಳ ಮೆದುಳುಜ್ವರದೊಡನೆ! ಅದನ್ನು ಹೊತ್ತು ತಿರುಗುವುದು ಸೊಳ್ಳೆಯಲ್ಲ. ಒಣ ಎಲೆಗಳ ನಡುವೆ ಕಾದು ಕುಳಿತಿರುವ, ಎಳ್ಳುಕಾಳಿಗಿಂತಲೂ ಕಿರಿದಾದ ಮರಿ ಉಣುಗು. ಮಂಗ ಸತ್ತು ಮೈ ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಆ ಜಾಗವನ್ನು ತುಳಿದವನಿಗೆ ಅಪಾಯ. ದನಗಳ ರಕ್ತ ಕುಡಿದು ಉಣುಗುಗಳ ಸಂತತಿ ಬೆಳೆಯುತ್ತದೆ. ಜನರು ಇದನ್ನು ಮಂಗನ ಕಾಯಿಲೆಯೆಂದು ಕರೆದರು. ಪಾಪ, ನಮ್ಮಂತೆಯೇ ನರಳಿ ಸಾಯುವ ಪ್ರಾಣಿಯ ತಲೆಗೆ ಅಪವಾದ ಅಂಟಿತು! ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ಆದರೆ ರೋಗ ಬಂದ ನೂರು ಮಂದಿಯಲ್ಲಿ ಮೂವರಿಂದ ಐವರು ತೀರಿಕೊಳ್ಳುತ್ತಾರೆ.

ರಷ್ಯದ ನಂಟು ರಾಜಕೀಯವನ್ನೂ ಒಳಗೆ ಎಳೆಯಿತು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳೇ ವೈರಸ್ಸನ್ನು ತಂದವೇ? ಅದನ್ನು ತಿಳಿಯಲು ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಮುಂದೆ ಈ ಕೆಲಸಕ್ಕೆ ಅಮೆರಿಕದ ಸೈನ್ಯದ ಹಣವೂ ಸೇರಿತೆಂಬ ಸಂಗತಿ ದೊಡ್ಡ ಗದ್ದಲವೆಬ್ಬಿಸಿತು. 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆ ನಡೆಸಿತು. ಹಕ್ಕಿಗಳ ಮೇಲಿನ ಆರೋಪ ಮಾತ್ರ ಸಿದ್ಧವಾಗಲಿಲ್ಲ. 1995ರಲ್ಲಿ ಸೌದಿ ಅರೇಬಿಯದ ಜೆದ್ದಾದಲ್ಲಿ ಕಟುಕನೊಬ್ಬನ ರಕ್ತದಲ್ಲಿ ಸಿಕ್ಕ ವೈರಸ್ ಕ್ಯಾಸನೂರಿನದರ ಸ್ವಂತ ತಮ್ಮನಂತಿತ್ತು. ಕಥೆ ಇನ್ನಷ್ಟು ತೊಡಕಾಯಿತು.

ಬಹುಕಾಲ ಶಿವಮೊಗ್ಗ ಹಾಗೂ ನೆರೆಯ ಮಲೆನಾಡಿಗೆ ಸೀಮಿತವಾಗಿದ್ದ ರೋಗ 2012ರ ತರುವಾಯ ಬಂಡೀಪುರ, ನೀಲಗಿರಿ, ವಯನಾಡು, ಗೋವೆಯ ಸತ್ತರಿಗಳಲ್ಲಿ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ತತ್ತರಿಸಿತು. ರೋಗಕ್ಕೆ ನೇರ ಮದ್ದಿಲ್ಲ. ಇದ್ದದ್ದು ಲಸಿಕೆಯೊಂದು, ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಮತ್ತೆ ಮತ್ತೆ. ನೋವಿಗೆ ಅಂಜಿ ಅನೇಕರು ನಡುವೆಯೇ ಬಿಟ್ಟರು. ಅದರ ಬಲವೂ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಕೈಗೆತ್ತಿಕೊಂಡಿತು.

ನವೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನ ಕಾಲ. ದರಗು ಗುಡಿಸುವ ಹೆಂಗಸರೂ ದನಗಾಹಿಗಳೂ ಕಾಡಿಗೆ ಹೊರಡುವ ಮುನ್ನ ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಬೇಕು. ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದರೆ, ಸಿಬ್ಬಂದಿ ಬಂದು ಕಳೇಬರವನ್ನು ಪರೀಕ್ಷೆಗೆ ಒಳಪಡಿಸಿ, ಸುತ್ತಲಿನ ನೆಲಕ್ಕೆ ಕೀಟನಾಶಕದ ಪುಡಿ ಎರಚುತ್ತಾರೆ.