ಎದೆಯ ಮೇಲಿನ ಕಪ್ಪೆ

1992ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಬಿಳಿ ಟೀ ಶರ್ಟ್ ತೊಟ್ಟು ಬಂದ. ಅದರ ಮೇಲೆ ಒಂದು ಕಪ್ಪೆ. ಕಣ್ಣುಗಳೆರಡೂ ತಲೆಯಿಂದ ಮೇಲಕ್ಕೆ ಚಾಚಿಕೊಂಡಿವೆ, ಗೆರೆಗಳು ಮಕ್ಕಳು ಬರೆದಂತಿವೆ. ಜೊತೆಗೆ ‘ಹಾಯ್, ಹೌ ಆರ್ ಯೂ’ ಎಂಬ ಬರಹ. ಆಗ ಕೋಬೇನನಷ್ಟು ಹೆಸರು ಮಾಡಿದ್ದ ರಾಕ್ ಗಾಯಕರು ಕಡಿಮೆ. ಎವರೆಟ್ ಟ್ರೂ ಎಂಬ ಬ್ರಿಟಿಷ್ ಪತ್ರಕರ್ತ ಕೊಟ್ಟಿದ್ದ ಆ ಅಂಗಿಯನ್ನು ಅವನು ಬೇರೆ ಕಡೆಗಳಲ್ಲೂ ಬಿಡದೆ ತೊಟ್ಟ. ಕಪ್ಪೆ ಬರೆದವನು ಯಾರು ಎಂದು ಜನ ಹುಡುಕತೊಡಗಿದರು.

ಬರೆದವನು ಡೇನಿಯಲ್ ಜಾನ್‌ಸ್ಟನ್. ಟೆಕ್ಸಸ್‌ನ ಆಸ್ಟಿನ್ ನಗರದ ಮೆಕ್‌ಡೊನಾಲ್ಡ್ಸ್ ಒಂದರಲ್ಲಿ ಕೆಲಸಕ್ಕಿದ್ದವನು. ತಾನೇ ಹಾಡು ಕಟ್ಟಿ, ಮಾಮೂಲಿ ಟೇಪ್ ರೆಕಾರ್ಡರಿನ ಮುಂದೆ ಕೂತು ಹಾಡಿ, ಆ ಕ್ಯಾಸೆಟ್ಟುಗಳನ್ನು ದಾರಿಯಲ್ಲಿ ಸಿಕ್ಕವರ ಕೈಗೆ ಕೊಡುತ್ತಿದ್ದ. ಮೊದಮೊದಲು ನಕಲು ಮಾಡಿಕೊಳ್ಳುವ ಅನುಕೂಲವೂ ಇರಲಿಲ್ಲ. ಇನ್ನೊಬ್ಬರಿಗೆ ಕೊಡಬೇಕೆಂದರೆ ಎಲ್ಲ ಹಾಡುಗಳನ್ನೂ ಮತ್ತೆ ಹಾಡಿ ತುಂಬಿಸಬೇಕಿತ್ತು. ಆ ಕಪ್ಪೆ ಅವನ 1983ರ ಕ್ಯಾಸೆಟ್ಟಿನ ಮುಖಚಿತ್ರ. ತೀವ್ರ ಮಾನಸಿಕ ಕಾಯಿಲೆಯೊಂದಿಗೆ ಬದುಕಿಡೀ ಹೆಣಗಿದ ಅವನು, ಕೋಬೇನನ ಅಂಗಿಯ ದೆಸೆಯಿಂದ ದೊಡ್ಡ ಕಂಪನಿಗಳು ಹುಡುಕಿಕೊಂಡು ಬಂದಾಗ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದ. ಕೊನೆಗೆ ಅಟ್ಲಾಂಟಿಕ್ ಕಂಪನಿ 1994ರಲ್ಲಿ ಅವನ ಒಂದು ಆಲ್ಬಮ್ ತಂದಿತು, ಮಾರಾಟವಾಗಲಿಲ್ಲವೆಂದು ಎರಡು ವರ್ಷಕ್ಕೆ ಕೈಬಿಟ್ಟಿತು. ಕಪ್ಪೆ ಮಾತ್ರ ಉಳಿಯಿತು. 1993ರಲ್ಲಿ ಆಸ್ಟಿನ್‌ನ ಸೌಂಡ್ ಎಕ್ಸ್‌ಚೇಂಜ್ ಎಂಬ ರೆಕಾರ್ಡ್ ಅಂಗಡಿ ಅದನ್ನು ತನ್ನ ಗೋಡೆಯ ಮೇಲೆ ಬರೆಸಿತು. ಅಂಗಡಿ ಮುಚ್ಚಿ, ಹೊಸದಾಗಿ ಬಂದ ಹೋಟೆಲಿನವರು ಗೋಡೆ ಒಡೆಯಲು ಹೊರಟಾಗ ಊರಿನವರು ಬಿಡಲಿಲ್ಲ. 2019ರಲ್ಲಿ ಜಾನ್‌ಸ್ಟನ್ ತೀರಿಕೊಂಡ. ಗೋಡೆಯೂ ಕಪ್ಪೆಯೂ ಅವನಿಗಿಂತ ಹೆಚ್ಚು ಬಾಳಿದವು.

ಈ ಕಪ್ಪೆಯ ಹಾಗೆ ಸಣ್ಣ ಕಲಾವಿದರ ಅಂಗಿಗಳಲ್ಲಿ ಒಂದೇ ಬಣ್ಣ, ಸರಳ ಗೆರೆ ಹೆಚ್ಚು. ಇದಕ್ಕೆ ಅಭಿರುಚಿಯಷ್ಟೇ ಜೇಬೂ ಕಾರಣ. ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋಗಿ ಬಂದವರಿಗೆ ಈ ಕೆಲಸ ಗೊತ್ತು. ಚೌಕಟ್ಟಿಗೆ ಬಿಗಿದ ಸಣ್ಣ ಕಣ್ಣಿನ ಜಾಲರಿಗೆ ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಚಿತ್ರದ ಫಿಲ್ಮ್ ಅದರ ಮೇಲಿಟ್ಟು ಬೆಳಕು ಹಾಯಿಸುತ್ತಾರೆ. ಕಪ್ಪು ಗೆರೆಯ ನೆರಳಿನಲ್ಲಿದ್ದ ಲೇಪ ಗಟ್ಟಿಯಾಗದೆ ನೀರಿಗೆ ತೊಳೆದುಹೋಗುತ್ತದೆ, ಅಲ್ಲಿ ಜಾಲರಿಯ ಕಣ್ಣು ತೆರೆದುಕೊಳ್ಳುತ್ತದೆ. ಅಂಗಿಯ ಮೇಲೆ ಚೌಕಟ್ಟಿಟ್ಟು ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಒತ್ತಿ ಎಳೆದರೆ ಚಿತ್ರ ಮೂಡಿತು. ಪ್ಲಾಸ್ಟಿಸಾಲ್ ಶಾಯಿಯಾದರೆ ಸುಮಾರು 160 ಡಿಗ್ರಿ ಶಾಖ ಕೊಡಬೇಕು, ಇಲ್ಲವಾದರೆ ಒಗೆತಕ್ಕೆ ಕಿತ್ತು ಬರುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಚೌಕಟ್ಟು ಬೇಕು, ಅಷ್ಟು ಖರ್ಚೂ ಏರುತ್ತದೆ. ಹಾಗಾಗಿ ಒಂದೇ ಬಣ್ಣದಲ್ಲಿ ಎದ್ದು ಕಾಣುವ ಚಿತ್ರ ಬರೆಯಬಲ್ಲವನೇ ಇಲ್ಲಿ ಜಾಣ.

ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ 1979ರಲ್ಲಿ ತಂದ ಜಾಯ್ ಡಿವಿಷನ್ ಬ್ಯಾಂಡಿನ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಮ್ಮಿನ ಹೊದಿಕೆಯನ್ನೇ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಬೆಟ್ಟಸಾಲಿನಂತೆ ಏರಿಳಿಯುವ ಬಿಳಿ ಗೆರೆಗಳು. 1967ರಲ್ಲಿ ಜೋಸೆಲಿನ್ ಬೆಲ್ ಗುರುತಿಸಿದ, ಮೊತ್ತಮೊದಲ ಪಲ್ಸಾರ್ ನಕ್ಷತ್ರದ ರೇಡಿಯೊ ಮಿಡಿತಗಳ ನಕ್ಷೆ ಅದು. ಹೆರಾಲ್ಡ್ ಕ್ರಾಫ್ಟ್ ಎಂಬ ವಿಜ್ಞಾನಿಯ 1970ರ ಪಿಎಚ್‌ಡಿ ಪ್ರಬಂಧದಿಂದ ಖಗೋಳ ವಿಶ್ವಕೋಶವೊಂದಕ್ಕೆ ಬಂದು, ಬ್ಯಾಂಡಿನವರ ಕಣ್ಣಿಗೆ ಬಿತ್ತು. ವಿನ್ಯಾಸಕ ಪೀಟರ್ ಸ್ಯಾವಿಲ್ ಬಿಳಿ ಹಾಳೆಯ ಕಪ್ಪು ಗೆರೆಗಳನ್ನು ತಿರುಗಿಸಿ ಕಪ್ಪಿನ ಮೇಲೆ ಬಿಳಿಯಾಗಿಸಿದ. ಇವತ್ತು ಈ ಅಂಗಿ ಎಲ್ಲೆಲ್ಲೂ ಸಿಗುತ್ತದೆ, ತೊಟ್ಟವರಲ್ಲಿ ಬಹಳ ಮಂದಿ ಆ ಹಾಡುಗಳನ್ನು ಕೇಳಿಲ್ಲ. 2012ರಲ್ಲಿ ಡಿಸ್ನಿ ಕಂಪನಿ ಈ ಗೆರೆಗಳಿಂದಲೇ ಮಿಕ್ಕಿ ಮೌಸ್ ಅಂಗಿಯನ್ನೂ ಮಾಡಿ, ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಕೇಳದೆ ತೊಟ್ಟವರನ್ನು ಗೇಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಂಗಿ ನೋಡಿ ಹಾಡು ಹುಡುಕಿಕೊಂಡು ಹೋದವರೂ ಇದ್ದಾರೆ. ಜಾನ್‌ಸ್ಟನ್‌ನನ್ನು ಜಗತ್ತು ಕಂಡುಕೊಂಡದ್ದೇ ಹಾಗೆ.

ಸಣ್ಣ ಲೇಬಲ್ಲುಗಳ, ಎಂದರೆ ರೆಕಾರ್ಡ್ ಕಂಪನಿಗಳ ಮಟ್ಟಿಗೆ ಅಂಗಿ ಎಂದರೆ ಹೊಟ್ಟೆಪಾಡೂ ಹೌದು. ಸಿಯಾಟಲ್‌ನ ಸಬ್ ಪಾಪ್ 1991ರಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ‘ಲೂಸರ್’ ಎಂದು ದಪ್ಪಕ್ಷರದ ಅಂಗಿ ಮಾಡಿ ಹೆಸರಾಗಿದ್ದ ಈ ಲೇಬಲ್ಲು, ನಮ್ಮಲ್ಲಿ ದುಡ್ಡಿಲ್ಲ ಎಂದರೆ ಯಾಕೆ ಅರ್ಥವಾಗುವುದಿಲ್ಲ ಎಂಬರ್ಥದ ಸಾಲನ್ನೂ ಅಂಗಿಗೆ ಅಚ್ಚು ಹಾಕಿ ಮಾರಿತು. ತಮ್ಮಲ್ಲಿ ಬೆಳೆದು ದೊಡ್ಡ ಕಂಪನಿಗೆ ಹೋದ ನಿರ್ವಾಣದ ‘ನೆವರ್‌ಮೈಂಡ್’ ಆಲ್ಬಮ್ಮಿನ ಪಾಲಿನ ಹಣ ಬಂದ ಮೇಲೆಯೇ ಅವರು ಉಸಿರಾಡಿದ್ದು. ವಾಷಿಂಗ್ಟನ್ ಡಿ.ಸಿ.ಯ ಫುಗಾಜಿ ಬ್ಯಾಂಡಿನವರು ಮಾತ್ರ ಅಂಗಿ ಮಾರುವುದಿಲ್ಲ ಎಂದೇ ಹಟ ಹಿಡಿದರು. ಆಗ ಯಾರೋ ‘ಇದು ಫುಗಾಜಿ ಟೀ ಶರ್ಟ್ ಅಲ್ಲ’ ಎಂದೇ ಅಚ್ಚು ಹಾಕಿ ಮಾರಿದರು.

ಈಗ ಬ್ಯಾಂಡ್‌ಕ್ಯಾಂಪ್‌ನಂಥ ಜಾಲತಾಣದಲ್ಲಿ ಕಲಾವಿದರೇ ನೇರ ಮಾರುತ್ತಾರೆ. ಅಂಗಿ, ರೆಕಾರ್ಡುಗಳ ಮೇಲೆ ತಾಣ ಹಿಡಿದುಕೊಳ್ಳುವ ಪಾಲು ಶೇಕಡ 10. ಅಭಿಮಾನದಿಂದ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ, ಈ ದುಡ್ಡು ಯಾರ ಕೈ ಸೇರುತ್ತದೆ ಎಂಬುದು. ಹಾಡಿದವನಿಗೆ ಚಿಕ್ಕಾಸೂ ಸೇರದ ನಕಲಿ ಅಂಗಿಗಳು ಸಂತೆಯಲ್ಲೂ ಆನ್‌ಲೈನಿನಲ್ಲೂ ರಾಶಿ ಬಿದ್ದಿವೆ.

ಹಳೆಯ ಲೇಬಲ್ಲುಗಳ ಕಥೆ ಇನ್ನೊಂದು ಬಗೆ. ಗ್ರಾಮಫೋನ್ ಪ್ಲೇಟು ಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಕೊಳವೆಯೆದುರು ಕೂತ ನಾಯಿ ಎಚ್‌ಎಂವಿಯ ಗುರುತು. ಅಮೆರಿಕದ ಸೋಲ್ ಸಂಗೀತದವರಿಗೆ ಹಾಗೆ ಚಿಟಿಕೆ ಹೊಡೆಯುವ ಕೈ, ಮೆಂಫಿಸ್‌ನ ಸ್ಟ್ಯಾಕ್ಸ್ ರೆಕಾರ್ಡ್ಸ್‌ನದು. ತಮ್ಮ ಜಿಮ್ ಸ್ಟುವರ್ಟ್, ಅಕ್ಕ ಎಸ್ಟೆಲ್ ಆಕ್ಸ್‌ಟನ್ ಹಳೆಯ ಸಿನಿಮಾ ಟಾಕೀಸೊಂದನ್ನು ಸ್ಟುಡಿಯೊ ಮಾಡಿಕೊಂಡು ನಡೆಸಿದ ಸಂಸ್ಥೆ. ಓಟಿಸ್ ರೆಡಿಂಗ್ ಅಲ್ಲಿಂದಲೇ ಬಂದವನು. ಬಿಳಿಯರೂ ಕರಿಯರೂ ದೂರ ದೂರ ಇರಬೇಕಿದ್ದ ಊರಿನಲ್ಲಿ ಆ ಸ್ಟುಡಿಯೊದೊಳಗೆ ಒಟ್ಟಿಗೆ ಕೂತು ನುಡಿಸಿದರು. 1975ರಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು, 1989ರಲ್ಲಿ ಕಟ್ಟಡವನ್ನೂ ಕೆಡವಿದರು. ಚಿಟಿಕೆಯ ಕೈ ಮಾತ್ರ ಅಂಗಿಗಳ ಮೇಲೆ ಓಡಾಡಿಕೊಂಡೇ ಇತ್ತು. 2003ರಲ್ಲಿ ಅದೇ ಮ್ಯಾಕ್ಲಿಮೋರ್ ರಸ್ತೆಯ ಅದೇ ಜಾಗದಲ್ಲಿ ಮ್ಯೂಸಿಯಂ ಎದ್ದಿತು. ಅದನ್ನು ನಡೆಸುವ ಪ್ರತಿಷ್ಠಾನವೇ ಅಲ್ಲಿನ ಮಕ್ಕಳಿಗೆ ಹಾಡು, ವಾದ್ಯ ಕಲಿಸುವ ಅಕಾಡೆಮಿಯನ್ನೂ ನಡೆಸುತ್ತಿದೆ. ಸ್ಟ್ಯಾಕ್ಸ್ ಅಂಗಿ ಬೇಕೆನ್ನುವವರು ಮ್ಯೂಸಿಯಂನ ಅಂಗಡಿಯಲ್ಲೇ ಕೊಳ್ಳಲಿ.