ಪಾಡ್‌ಕಾಸ್ಟ್ | ಬಿರುಬಿಸಿಲಲ್ಲಿ ಬೈಕ್: ಗಾಳಿ ಬೀಸಿದ್ರೂ ಮೈ ಯಾಕೆ ತಣಿಯಲ್ಲ?

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕಲಬುರಗಿಯಿಂದ ಜೇವರ್ಗಿಗೆ ಬೈಕ್‌ನಲ್ಲಿ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಸುಮಾರು 40 ಕಿಲೋಮೀಟರ್ ದಾರಿ. ಸೆಕೆ ತಡೆಯೋಕಾಗದೆ ಅಂಗಿಯ ಎರಡು ಗುಂಡಿ ಬಿಚ್ಚಿ, ತೋಳು ಮಡಚಿ, ಹೆಲ್ಮೆಟ್ ತೆಗೆದು ಟ್ಯಾಂಕ್ ಮೇಲಿಟ್ಟು ಸ್ವಲ್ಪ ಜೋರಾಗೇ ಹೋಗ್ತೀರಿ. ಗಾಳಿ ಬೀಸಿದ್ರೆ ತಂಪಾಗುತ್ತೆ ಅನ್ನೋ ಲೆಕ್ಕ. ಆದ್ರೆ ಮುಖಕ್ಕೆ ಬಡಿಯೋದು ಒಲೆ ಮುಂದೆ ಕೂತಂಥ ಝಳ. ವೇಗ ಹೆಚ್ಚಿದಷ್ಟೂ ಝಳ ಹೆಚ್ಚು. ಯಾಕೆ ಹೀಗೆ? ಇವತ್ತಿನ ಸಂಚಿಕೆಯಲ್ಲಿ ಅದನ್ನೇ ನೋಡೋಣ.

ನಮ್ಮ ದೇಹದೊಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮದ್ದು ಅದಕ್ಕಿಂತ ಸ್ವಲ್ಪ ಕಡಿಮೆ, ಬಿಸಿಲುಗಾಲದಲ್ಲಿ 35ರ ಆಸುಪಾಸು. ಸುತ್ತಲಿನ ಗಾಳಿ 28–30 ಡಿಗ್ರಿ ಇದ್ದರೆ, ಬೀಸುವ ಗಾಳಿ ಚರ್ಮದ ಶಾಖವನ್ನು ಹೊತ್ತೊಯ್ಯುತ್ತದೆ. ಹಾಯೆನಿಸುತ್ತದೆ. ಗಾಳಿಯೇ 42 ಡಿಗ್ರಿ ಇದ್ದರೆ? ಆಗ ಲೆಕ್ಕ ತಿರುಗುಮುರುಗು. ಗಾಳಿ ಮೈಯಿಂದ ಶಾಖ ತೆಗೆದುಕೊಳ್ಳಲ್ಲ, ಮೈಗೇ ಕೊಡುತ್ತೆ. ಇನ್ನೊಂದು ವಿಷಯ: ಹವಾಮಾನ ಇಲಾಖೆ ಹೇಳುವ 42 ಡಿಗ್ರಿ ನೆರಳಿನಲ್ಲಿ ಅಳೆದದ್ದು. ಟಾರ್ ರಸ್ತೆಯ ಮೇಲ್ಮೈ 60 ಡಿಗ್ರಿಯೂ ದಾಟಬಹುದು. ಮೇಲಿಂದ ಸೂರ್ಯ, ಕೆಳಗಿಂದ ರಸ್ತೆ, ಕಾಲ ನಡುವೆ ಎಂಜಿನ್!

ಆಗ ದೇಹಕ್ಕೆ ಉಳಿಯೋದು ಒಂದೇ ದಾರಿ, ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೋಗುತ್ತದೆ. ಆದರೆ ಬೈಕ್ ಮೇಲೆ ಒಂದು ಮೋಸ ಇದೆ. ಒಣಗಾಳಿಯಲ್ಲಿ ಬೆವರು ಬಂದಿದ್ದೇ ತಡ, ಆರಿಹೋಗುತ್ತೆ. ಅಂಗಿ ಒದ್ದೆಯಾಗಲ್ಲ. 'ನನಗೇನೂ ಬೆವರಿಲ್ಲ' ಅಂದುಕೊಂಡು ನೀರು ಕುಡಿಯೋದನ್ನೇ ಮರೀತೀವಿ. ಸಿಗ್ನಲ್‌ನಲ್ಲಿ ನಿಂತಾಗ ಹಣೆಯಿಂದ ಧಾರಾಕಾರ ಸುರಿಯುತ್ತಲ್ಲ, ಅಷ್ಟು ಬೆವರು ದಾರಿಯುದ್ದಕ್ಕೂ ಹೋಗ್ತಾನೇ ಇತ್ತು.

ಹಾಗಾದ್ರೆ ಏನು ಮಾಡಬೇಕು? ಮೊದಲನೆಯದು, ಮೈ ಮುಚ್ಚಿ. ಸೆಕೆಯಲ್ಲಿ ಇದೇನು ಉಲ್ಟಾ ಮಾತು ಅನ್ನಿಸಬಹುದು. ನಡು ಬಿಸಿಲಲ್ಲಿ ಹೊಲಕ್ಕೆ ಹೋಗುವವರನ್ನು ನೋಡಿ: ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಅದರ ಹಿಂದಿನ ಬುದ್ಧಿ ಇದೇ. ತಿಳಿ ಬಣ್ಣದ, ಸಡಿಲವಾದ ತುಂಬುತೋಳಿನ ಬಟ್ಟೆ ಬಿಸಿಲನ್ನೂ ಬಿಸಿಗಾಳಿಯನ್ನೂ ನೇರವಾಗಿ ಚರ್ಮಕ್ಕೆ ತಾಗಲು ಬಿಡಲ್ಲ.

ಎರಡನೆಯದು, ಒಳಗೆ ಒದ್ದೆ ಮಾಡಿ. ಹತ್ತಿ ಬನಿಯನ್ ಅಥವಾ ಟೀ ಶರ್ಟ್ ನೆನೆಸಿ, ಹಿಂಡಿ ಹಾಕಿಕೊಂಡು, ಅದರ ಮೇಲೆ ಅಂಗಿಯನ್ನೋ ಜಾಕೆಟ್ಟನ್ನೋ ತೊಡಿ. ಬರೀ ಒದ್ದೆ ಬಟ್ಟೆಯಾದರೆ ಬೇಗ ಒಣಗಿಬಿಡುತ್ತೆ. ಮೇಲೊಂದು ಹೊದಿಕೆ ಇದ್ದರೆ ನಿಧಾನಕ್ಕೆ ಆರುತ್ತೆ, ತಂಪು ಹೆಚ್ಚು ಹೊತ್ತು ಉಳಿಯುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಹೀಗೇ ಅಲ್ವಾ? ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಬಹುದು. ತುದಿಗಳನ್ನು ಮಾತ್ರ ಅಂಗಿಯೊಳಗೆ ಸೇರಿಸಿ, ಚಕ್ರಕ್ಕೆ ಸಿಕ್ಕಿಕೊಂಡೀತು.

ಮೂರನೆಯದು, ಹೆಲ್ಮೆಟ್ ತೆಗೆಯಬೇಡಿ. ಅದರೊಳಗಿನ ಥರ್ಮಾಕೋಲ್ ಪದರ ಅಪಘಾತದಲ್ಲಿ ತಲೆ ಕಾಯುತ್ತೆ, ಜೊತೆಗೆ ನೆತ್ತಿಗೆ ಬೀಳುವ ಬಿಸಿಲನ್ನೂ ತಡೆಯುತ್ತೆ. ಒಳಗೆ ತೆಳ್ಳನೆಯ ಹತ್ತಿ ಬಟ್ಟೆ ಒದ್ದೆ ಮಾಡಿ ಕಟ್ಟಿಕೊಂಡರೆ ಇನ್ನೂ ಹಿತ.

ಇದೆಲ್ಲ ಕಲಬುರಗಿ, ರಾಯಚೂರು, ಬಳ್ಳಾರಿಯ ಒಣಬಿಸಿಲಿಗೆ. ಮಂಗಳೂರು, ಕಾರವಾರದ ಕಡೆ ಕತೆ ಬೇರೆ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರಲ್ಲ, ಒದ್ದೆ ಬಟ್ಟೆ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಆದರೆ ಅಲ್ಲಿನ ಗಾಳಿ ಸಾಮಾನ್ಯವಾಗಿ ಚರ್ಮಕ್ಕಿಂತ ಬಿಸಿ ಇರುವುದಿಲ್ಲ. ಹಾಗಾಗಿ ಗಾಳಿಯಾಡುವ ಬಟ್ಟೆ, ಜಾಲರಿ ಜಾಕೆಟ್ ಅಲ್ಲಿಗೆ ಸರಿ. ಒಂದು ಸುಲಭದ ಲೆಕ್ಕ ನೆನಪಿಟ್ಟುಕೊಳ್ಳಿ: 35 ಡಿಗ್ರಿಗಿಂತ ಕಡಿಮೆ ಇದ್ದರೆ ಗಾಳಿ ಒಳಗೆ ಬಿಡಿ, ದಾಟಿದರೆ ಮೈ ಮುಚ್ಚಿ.

ಇನ್ನು ನೀರು. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಅರ್ಧ ಗಂಟೆಗೊಮ್ಮೆ ನೆರಳು ನೋಡಿ ನಿಲ್ಲಿ, ನಾಲ್ಕು ಗುಟುಕು ಕುಡಿಯಿರಿ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಬಿಪಿ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಕೊಳ್ಳಿ.

ಈಗ ಮುಖ್ಯವಾದ ಮಾತು. ಬಿಸಿಲು ಮೊದಲು ಕೆಡಿಸೋದು ಗಮನವನ್ನು. ಗೇರ್ ತಪ್ಪುತ್ತೆ, ಹಂಪ್ ಹತ್ತಿರ ಬಂದ ಮೇಲೆ ಕಾಣುತ್ತೆ, ಬ್ರೇಕ್ ತಡವಾಗುತ್ತೆ. ತಲೆನೋವು, ವಾಕರಿಕೆ, ಕಾಲು ಸೆಳೆತ, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ 'ಇನ್ನು ಹತ್ತೇ ಕಿಲೋಮೀಟರ್' ಅನ್ನಬೇಡಿ. ಗಾಡಿ ನಿಲ್ಲಿಸಿ. ಜೊತೆಯವರು ಏನೇನೋ ಮಾತಾಡ್ತಿದ್ದಾರೆ, ತೊದಲುತ್ತಿದ್ದಾರೆ, ಮೈ ಕೆಂಡದಂತೆ ಸುಡ್ತಿದೆ ಅಂದ್ರೆ ಅದು ಹೀಟ್ ಸ್ಟ್ರೋಕ್ ಇರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ: ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲಾ ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟಬಹುದು.

ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸದ ವೇಳೆ ನಿಗದಿ ಮಾಡುವ ರೂಢಿಯಿದೆ. ನಿಮ್ಮ ಪ್ರಯಾಣವನ್ನೂ ಹಾಗೇ ಬೆಳಿಗ್ಗೆಗೆ ಹೊಂದಿಸಿಕೊಳ್ಳೋಕಾದ್ರೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಊಟದ ಹೊತ್ತಿಗೇ ಆರ್ಡರ್ ಹೆಚ್ಚು ಬರುವ ಡೆಲಿವರಿ ಹುಡುಗರಿಗೆ ಆ ಆಯ್ಕೆ ಇಲ್ಲ. ಮಧ್ಯಾಹ್ನ ನಿಮ್ಮ ಮನೆ ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳಿ. ಅವರ ಬಾಟಲಿ ಖಾಲಿಯಾಗಿದ್ದರೆ ತುಂಬಿಸಿಕೊಡಿ.