ಮೂರನೇ 'ಆಕ್ಸಿಜೆನ್'ಗಾಗಿ

2016ರ ಕೊನೆಯಲ್ಲಿ ಸಿಂಥಸೈಸರ್ ಸಂಗೀತದ ಅಭಿಮಾನಿಗಳಿಗೆ ಕಾತರದ ಜೊತೆ ಅಳುಕೂ ಇತ್ತು. ಫ್ರಾನ್ಸಿನ ಜಾನ್ ಮಿಶೆಲ್ ಜಾರ್ ತಮ್ಮ 1976ರ 'ಆಕ್ಸಿಜೆನ್' ಆಲ್ಬಂನ ಮೂರನೇ ಭಾಗ ತರುವವರಿದ್ದರು. ಪ್ಯಾರಿಸ್ಸಿನ ಮನೆಯಲ್ಲೇ ಧ್ವನಿಮುದ್ರಿಸಿದ, ಹಾಡುಗಾರರಿಲ್ಲದ ಆ ಮೊದಲ ಆಲ್ಬಂ ಜಗತ್ತಿನಾದ್ಯಂತ ಲಕ್ಷಾಂತರ ಪ್ರತಿ ಮಾರಾಟವಾಗಿತ್ತು. 1997ರಲ್ಲಿ ಎರಡನೆಯದೂ ಬಂದಿತ್ತು.

ಹ್ಯೂಸ್ಟನ್ನಿನವರಿಗೆ ಜಾರ್ ಬರೀ ಆಲ್ಬಂನ ಹೆಸರಲ್ಲ. 1986ರ ಏಪ್ರಿಲ್ 5ರ ರಾತ್ರಿ, ಟೆಕ್ಸಸ್‌ನ 150ನೇ ವರ್ಷಾಚರಣೆಗೆ ಅವರು ಪೇಟೆಯ ಗಗನಚುಂಬಿಗಳನ್ನೇ ಪರದೆ ಮಾಡಿಕೊಂಡು ಲೇಸರ್, ಪಟಾಕಿಗಳ ನಡುವೆ ನುಡಿಸಿದರು. ನೋಡಿದವರು ಸುಮಾರು 13 ಲಕ್ಷ ಎಂಬ ಅಂದಾಜಿದೆ; ಹೆದ್ದಾರಿಯಲ್ಲೇ ವಾಹನ ನಿಲ್ಲಿಸಿದವರೂ ಅದರಲ್ಲಿ ಸೇರಿದ್ದಾರೆ. ಆ ಕಾರ್ಯಕ್ರಮಕ್ಕಾಗಿ ಗಗನಯಾತ್ರಿ ರಾನ್ ಮೆಕ್‌ನೇರ್ ಬಾಹ್ಯಾಕಾಶದಲ್ಲಿ ಸ್ಯಾಕ್ಸೊಫೋನ್ ನುಡಿಸುವ ಯೋಜನೆಯಿತ್ತು. ಆದರೆ ಆ ವರ್ಷದ ಜನವರಿ 28ರ ಚಾಲೆಂಜರ್ ನೌಕೆಯ ದುರಂತದಲ್ಲಿ ಅವರು ತೀರಿಕೊಂಡರು. ಆ ಭಾಗವನ್ನು ಸ್ಯಾಕ್ಸೊಫೋನ್ ವಾದಕ ಕರ್ಕ್ ವೇಲಮ್ ನುಡಿಸಿದರು. ಇಂಥ ನೆನಪಿದ್ದವರು ಹೊಸದನ್ನು ಸುಲಭಕ್ಕೆ ಒಪ್ಪುವವರಲ್ಲ.

ಆದರೆ ಕಾಲ ಜಾರ್ ಕಡೆಗಿತ್ತು. 2016ರಲ್ಲೇ ಆಸ್ಟಿನ್ನಿನ 'ಸರ್ವೈವ್' ತಂಡದ ಇಬ್ಬರು 'ಸ್ಟ್ರೇಂಜರ್ ಥಿಂಗ್ಸ್' ಸರಣಿಗೆ ಸಿಂಥಸೈಸರ್ ಸಂಗೀತ ಕೊಟ್ಟು, ಹಳೇ ನಾದಕ್ಕೆ ಎಳೆಯ ಕಿವಿಗಳನ್ನು ಒದಗಿಸಿದ್ದರು. 'ಆಕ್ಸಿಜೆನ್ 3' ಡಿಸೆಂಬರ್ 2ರಂದು ಬಿಡುಗಡೆಯಾಯಿತು. ಮೊದಲನೆಯದಕ್ಕೆ ಆಗ 40 ವರ್ಷ.